ಷಡ್ಡಕನ ಮೊಟಕು ಕೀಬೋರ್ಡು

ನನ್ನ ಷಡ್ಡಕನ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ ಎಂದರೆ ಅದನ್ನು ಮೊದಲು ಒಪ್ಪುವವನು ಅವನೇ. ನನ್ನ ಹೆಂಡತಿಯ ತಂಗಿಯ ಗಂಡ. ಎರಡೂ ಮನೆಗಳಲ್ಲಿ ಅವನನ್ನು ಟೈಪಿಸ್ಟು ಎಂದೇ ಕರೆಯುವುದು. ಸಿಟ್ಟು ಬಂದಾಗ ಅವನ ಹೆಂಡತಿ ಕೂಡ "ರೀ ಟೈಪಿಸ್ಟ್ರೇ" ಎನ್ನುತ್ತಾಳೆ. ಮನೆ, ಸೈಟು ಕೊಳ್ಳುವವರಿಗೆ ಮಾರುವವರಿಗೆ ಕ್ರಯಪತ್ರ ಮಾಡಿಕೊಡುವ ಆಫೀಸಿನಲ್ಲಿ ಅವನಿಗೆ ಕೆಲಸ. ನೋಂದಣಿ ಕಚೇರಿಯ ಎದುರಿಗೆ, ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ, ಕಿಟಕಿ ಪಕ್ಕದ ಕುರ್ಚಿ. ಮೀಸೆ ಚಿಗುರುವಾಗ ಅದರಲ್ಲಿ ಕೂತವನು ಮೀಸೆ ನರೆತರೂ ಎದ್ದಿರಲಿಲ್ಲ. ಮೊದಲು ಟೈಪ್ ಯಂತ್ರವಿತ್ತು, ಆಮೇಲೆ ಕಂಪ್ಯೂಟರು ಬಂತು, ಯಜಮಾನರ ಅಪ್ಪ ಹೋಗಿ ಯಜಮಾನರು ಬಂದರು. ಇವನು ಮಾತ್ರ ಅಲ್ಲೇ.

ನಾನು ಗೇಟು, ಕಿಟಕಿ ಸರಳು ಮಾಡುವ ವೆಲ್ಡಿಂಗ್ ಶೆಡ್ಡಿನವನು. ಕಣ್ಣು ಒಂದು ಕಡೆ, ಕೈ ಒಂದು ಕಡೆ ಇಟ್ಟರೆ ನಮ್ಮ ಕಸುಬಿನಲ್ಲಿ ಬೆರಳೇ ಉಳಿಯುವುದಿಲ್ಲ. ಅವನ ಕಸುಬು ಉಲ್ಟಾ. ಕಣ್ಣು ಎಡಗಡೆಯ ಕರಡು ಕಾಗದದ ಮೇಲೆ ನೆಟ್ಟಿರುತ್ತಿತ್ತು, ಪರದೆಯನ್ನು ನೋಡುತ್ತಲೇ ಇರಲಿಲ್ಲ. ಪರದೆ ನೋಡುತ್ತ ಟೈಪು ಮಾಡುವವನು ರಸ್ತೆ ಬಿಟ್ಟು ಚಕ್ರ ನೋಡುತ್ತ ಗಾಡಿ ಓಡಿಸಿದ ಹಾಗೆ ಎಂದು ಅವನಿಗೆ ಕಲಿಸಿದವರು ಹೇಳಿದ್ದರಂತೆ. ಅಕ್ಷರಗಳ ಮೇಲೆ ಎರಡೂ ಕೈ ತಮ್ಮ ಪಾಡಿಗೆ ಓಡುತ್ತಿದ್ದವು. ಅಂಕಿ ಬಂತೆಂದರೆ ಬಲಗೈ ಎದ್ದು, ಕೀಬೋರ್ಡಿನ ಬಲ ತುದಿಯಲ್ಲಿರುವ ಅಂಕಿಗಳ ಮೇಲೆ ಕೋಳಿ ಕಾಳು ಕುಕ್ಕಿದ ಹಾಗೆ ಕುಕ್ಕಿ, ವಾಪಸ್ಸು ತನ್ನ ಜಾಗಕ್ಕೆ ಬರುತ್ತಿತ್ತು. ಪತ್ರ ಎಂದರೆ ಅರ್ಧಕ್ಕರ್ಧ ಅಂಕಿಯೇ. ಸರ್ವೆ ನಂಬರು, ಅಳತೆ, ತಾರೀಖು, ಮೊತ್ತ.

ಸಕ್ಕರೆ ಕಾಯಿಲೆ ಅವನಿಗೆ ಬಂದದ್ದು ಸದ್ದಿಲ್ಲದೆ. ಕಾಲಿಗೆ ಮೊದಲು ಜೋಮು ಹಿಡಿಯಿತು, ಆಮೇಲೆ ಬೆರಳ ತುದಿಗೆ. ಜೋಮು ಎಂದರೆ ನಮಗೆ ಕೂತು ಎದ್ದಾಗ ಬಂದು ಹೋಗುವಂಥದ್ದು. ಅವನಿಗೆ ಬಂದದ್ದು ಹೋಗಲಿಲ್ಲ. ಒಂದು ಭಾನುವಾರ ನಮ್ಮ ಮನೆಯಲ್ಲಿ ಟೀ ಕೊಟ್ಟಾಗ ಕುದಿಯುವ ಸ್ಟೀಲ್ ಲೋಟವನ್ನು ಅಂಗೈಯಲ್ಲಿ ಹಿಡಿದುಕೊಂಡೇ ಮಾತಾಡುತ್ತಿದ್ದ. ಅವನ ಮಗಳು ಎದ್ದು ಬಂದು ಲೋಟ ಕಿತ್ತುಕೊಂಡಳು. ಬೆರಳು ಕೆಂಪಗಾಗಿದ್ದವು.

"ಬಿಸಿ ಇತ್ತಾ?" ಎಂದ.

ಆಫೀಸಿನ ಕೀಬೋರ್ಡು ಮೆತ್ತನೆಯದು, ಒಳಗೆ ರಬ್ಬರಿನ ಹಾಳೆ ಇರುವಂಥದ್ದು. ಒತ್ತಿದ್ದು ತಾಗಿತೋ ಇಲ್ಲವೋ ಬೆರಳಿಗೆ ತಿಳಿಯುತ್ತಿರಲಿಲ್ಲ. ಪತ್ರಗಳಲ್ಲಿ ಅಕ್ಷರಗಳು ಹಲ್ಲು ಉದುರಿದ ಹಾಗೆ ಉದುರತೊಡಗಿದವು. ಯಜಮಾನರು ಮೂರು ನಾಲ್ಕು ಸಲ ಸುಮ್ಮನಿದ್ದರು. ಆಮೇಲೆ ಕರೆದು ಹೇಳಿದರಂತೆ, "ನೋಡಪ್ಪಾ, ನಿನ್ನ ಬೈಯೋಕೆ ನಂಗೆ ಬಾಯಿ ಬರಲ್ಲ. ಈ ತಿಂಗಳು ನೋಡ್ತೀನಿ. ಸರಿ ಹೋಗ್ಲಿಲ್ಲ ಅಂದ್ರೆ ಆ ಕುರ್ಚಿಗೆ ಬೇರೆಯವ್ರನ್ನ ಕೂರಿಸ್ತೀನಿ."

ಇದನ್ನು ಅವನು ನಮಗೆ ಹೇಳಿದ್ದು, ಇವತ್ತು ನಲ್ಲಿ ನೀರು ಬರಲಿಲ್ಲ ಎನ್ನುವ ದನಿಯಲ್ಲಿ. ನನಗೆ ಪಿತ್ತ ನೆತ್ತಿಗೇರಿತು.

"ಅವನಪ್ಪನ ಕಾಲದಿಂದ ಬೆನ್ನು ಮುರಿದಿದೀಯ ಅಲ್ಲಿ! ಕುರ್ಚಿ ಬಿಡು ಅಂದ್ರೆ ಬಿಡೋದಾ? ನಾಲ್ಕು ಮಾತು ಅನ್ನೋಕೆ ಆಗ್ಲಿಲ್ವಾ?"

"ಅವ್ರು ಹೇಳಿದ್ದು ಸರಿ ಇತ್ತು ಅಣ್ಣ."

"ಸರಿ ಇತ್ತಂತೆ! ಕೇಳ್ರೇ ಇವನ ಮಾತು!"

"ನೀವು ಕಿರುಚಿದ್ರೆ ಅವನ ಬೆರಳು ಸರಿ ಹೋಗುತ್ತಾ?" ಎಂದಳು ನನ್ನ ಹೆಂಡತಿ. ಗೋಡೆಗೆ ಕಲ್ಲು ಹೊಡೆದರೆ ಕಲ್ಲಾದರೂ ವಾಪಸ್ಸು ಬರುತ್ತದೆ. ಇವನಿಂದ ಏನೂ ಬರಲಿಲ್ಲ. ಅವನ ಪಾಲಿಗೆ ಆ ಕುರ್ಚಿ ಒಂದೇ ಇದ್ದದ್ದು. ಬೇರೆ ಕೆಲಸ ಗೊತ್ತಿಲ್ಲ, ಬೇರೆ ಜಾಗ ಗೊತ್ತಿಲ್ಲ, ಟೈಪಿಸ್ಟು ಅಲ್ಲದಿದ್ದರೆ ಅವನನ್ನು ಏನೆಂದು ಕರೆಯಬೇಕು ಎಂದು ನಮಗೂ ಗೊತ್ತಿಲ್ಲ.

ದಾರಿ ಹುಡುಕಿದ್ದು ಅವನ ಮಗಳು. ಕಾಲೇಜು ಹುಡುಗಿ, ಕಂಪ್ಯೂಟರ್ ಆಟದ ಹುಚ್ಚಿ. ಬಹಳ ದಿನದಿಂದ ಒಂದು ಮೆಕ್ಯಾನಿಕಲ್ ಕೀಬೋರ್ಡಿನ ಮೇಲೆ ಕಣ್ಣಿಟ್ಟಿದ್ದಳು. ಅದರಲ್ಲಿ ಪ್ರತಿ ಕೀಲಿಯ ಕೆಳಗೂ ಅದರದೇ ಒಂದು ಸ್ಪ್ರಿಂಗು, ಅದರದೇ ಒಂದು ಸ್ವಿಚ್ಚು. ಕೆಂಪು ಸ್ವಿಚ್ಚಿನದು ಸದ್ದಿಲ್ಲದೆ ಬೆಣ್ಣೆಯಂತೆ ಇಳಿಯುತ್ತದೆ, ಆಟಕ್ಕೆ ಅದೇ ಒಳ್ಳೆಯದು. ನೀಲಿಯದು ಅರ್ಧ ಇಳಿದಾಗ ಟಿಕ್ ಎನ್ನುತ್ತದೆ. ಟಿಕ್ ಎಂದರೆ ಅಕ್ಷರ ಬಿತ್ತು ಎಂದು ಲೆಕ್ಕ. ತನಗೆ ಬೇಕಾಗಿದ್ದ ಕೆಂಪನ್ನು ಬಿಟ್ಟು ನೀಲಿಯದನ್ನು ತಂದಳು. ಹಿಡಿಸದಿದ್ದರೆ ಬದಲಾಯಿಸಿ ಕೊಡುತ್ತೇವೆ ಎಂದಿದ್ದರಂತೆ ಅಂಗಡಿಯವರು.

"ಬೆರಳು ಹೇಳ್ದೇ ಇದ್ದಿದ್ದನ್ನ ಕಿವಿ ಹೇಳುತ್ತೆ ಅಪ್ಪ. ನೋಡು ಒಂದ್ಸಲ."

ಅವತ್ತು ನಾನೂ ಅವರ ಮನೆಯಲ್ಲೇ ಇದ್ದೆ. ಡಬ್ಬಿಯಿಂದ ತೆಗೆದಾಗ ಗಾತ್ರ ನೋಡಿ ನನಗೆ ರೇಗಿತು. ಇಟ್ಟಿಗೆಯಷ್ಟು ಭಾರ, ಆದರೆ ಚೋಟುದ್ದ. ಎಲ್ಲಕ್ಕಿಂತ ಮೇಲಿರುವ ಎಫ್ ಕೀಲಿಗಳ ಸಾಲು ಇಲ್ಲ, ಬಾಣದ ಕೀಲಿಗಳಿಲ್ಲ, ಬಲಗಡೆ ಅಂಕಿಗಳ ಗುಂಪೇ ಇಲ್ಲ.

"ಇದೇನೇ ಇದು, ಅರ್ಧ ಕತ್ತರಿಸಿ ಕೊಟ್ಟಿದಾನೆ? ಯಾವ ಅಂಗಡಿ ಹೇಳು, ನಾನು ಹೋಗಿ ವಿಚಾರಿಸ್ಕೊಳ್ತೀನಿ."

"ದೊಡ್ಡಪ್ಪ, ಅದು ಇರೋದೇ ಹಂಗೆ. ಕಾಂಪ್ಯಾಕ್ಟ್. ಮೌಸ್ ಆಡಿಸೋಕೆ ಜಾಗ ಬೇಕಲ್ಲ. ಅಂಕಿ ಅಕ್ಷರದ ಮೇಲಿನ ಸಾಲಲ್ಲಿದೆ. ಬಾಣ ಬೇಕಂದ್ರೆ ಈ ಕೀ ಹಿಡ್ಕೊಂಡು ಇದನ್ನ ಒತ್ತಬೇಕು."

"ಬಾಗಿಲು ತೆಗೆಯೋಕೆ ಕಿಟಕಿ ಹಿಡ್ಕೊಂಡಿರಬೇಕು ಅಂದಂಗಾಯ್ತು."

"ನೀವು ಮಾಡೋ ಗೇಟು ಹಂಗೇ ಅಲ್ವಾ?" ಎಂದಳು ನಾದಿನಿ ಅಡುಗೆಮನೆಯಿಂದ. ಅವರ ಮನೆ ಗೇಟು ನಾನೇ ಮಾಡಿಕೊಟ್ಟಿದ್ದು. ಎತ್ತಿ ಹಿಡಿದು ತಳ್ಳದಿದ್ದರೆ ಅದು ತೆರೆಯುವುದಿಲ್ಲ.

ಮೊದಲು ಮಗಳು ಆಡಿ ನೋಡಿದಳು. ಪರದೆಯಲ್ಲಿ ಯಾರೋ ಓಡುತ್ತ, ಬಗ್ಗುತ್ತ, ಗುಂಡು ಹಾರಿಸುತ್ತ ಹೋಗುತ್ತಿದ್ದ. ಮೂರು ಕೀಲಿ ಒಟ್ಟಿಗೆ ಒತ್ತಿದರೂ ಒಂದನ್ನೂ ನುಂಗುವುದಿಲ್ಲ ಎಂದಳು. ಕೈಯಿಟ್ಟ ಕಡೆ ಗಟ್ಟಿಯಾಗಿ ಕೂರುತ್ತದೆ, ಜಾರುವುದಿಲ್ಲ. ಆದರೆ ಒಂದೇ ಕೀಲಿಯನ್ನು ಬಡಬಡ ಎರಡು ಸಲ ಹೊಡೆಯಬೇಕಾದಾಗ ನೀಲಿ ಸ್ವಿಚ್ಚು ಒಂದು ಕೂದಲೆಳೆ ತಡವಾಗಿ ಮೇಲೇಳುತ್ತದೆಯಂತೆ. "ಸತ್ತೆ. ಕೆಂಪಾಗಿದ್ರೆ ಬದುಕ್ತಿದ್ದೆ," ಎಂದು ಅಪ್ಪನ ಕಡೆ ಸರಿಸಿದಳು.

ಅವನು ಒಂದು ಹಳೆಯ ಕರಡನ್ನು ಎಡಗಡೆ ಇಟ್ಟುಕೊಂಡು ಶುರು ಮಾಡಿದ. ಕೋಣೆ ತುಂಬ ಟಿಕ್ ಟಿಕ್ ಟಿಕ್. ತಗಡಿನ ಮೇಲೆ ಆಲಿಕಲ್ಲು ಸುರಿದ ಹಾಗೆ.

"ಇದೇನ್ರೀ, ಪಕ್ಕದ ಮನೆಯವ್ರು ಎದ್ದು ಬರ್ತಾರೆ," ಎಂದಳು ನಾದಿನಿ.

"ಬರ್ಲಿ ಬಿಡು, ನಾನಿದೀನಿ," ಎಂದೆ.

ಒಂದು ಪುಟ ಮುಗಿಸಿದ. ಮಗಳು ಪರದೆಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಓದಿದಳು. ಒಂದು ಅಕ್ಷರವೂ ಉದುರಿರಲಿಲ್ಲ. ಅಂಕಿ ಬಂದ ಕಡೆ ಅವನು ಕರಡು ಬಿಟ್ಟು ಬಗ್ಗಿ, ಮೇಲಿನ ಸಾಲನ್ನು ಹುಡುಕಿ ಹೊಡೆದಿದ್ದ. ನಿಧಾನ, ಆದರೆ ಸರಿ. ಅವಳು ಅವನ ಕೈ ಹಿಡಿದು ಕುಲುಕಿದಳು. ಅವನು ಕೈ ಕೊಟ್ಟುಕೊಂಡು ಕೂತಿದ್ದ. ಹಿಡಿದದ್ದು ಅವನಿಗೆ ತಿಳಿಯಿತೋ ಇಲ್ಲವೋ.

"ಹೆಂಗಿದೆ ಅಪ್ಪ?"

"ಕೇಳ್ಸುತ್ತೆ," ಎಂದ.

ಆ ವಾರವೆಲ್ಲ ಸಂಜೆ ಇಬ್ಬರಿಗೂ ಅದೇ ಕೆಲಸ. ಅವನಾದ ಮೇಲೆ ಅವಳು, ಅವಳಾದ ಮೇಲೆ ಅವನು. ಬೆರಳನ್ನು ಸುಮ್ಮನೆ ಒರಗಿಸಿಟ್ಟರೆ ತಾನಾಗಿ ಒತ್ತುವುದಿಲ್ಲ, ಅದು ಒಳ್ಳೆಯದು ಎಂದು ಇಬ್ಬರೂ ಒಪ್ಪಿದರು. ಎತ್ತರ ಜಾಸ್ತಿ, ಮಣಿಕಟ್ಟಿನ ಕೆಳಗೆ ಏನಾದರೂ ಇಡಬೇಕು ಎಂದ ಅವನು. ಅವಳು ಹಳೆಯ ಟವೆಲ್ ಮಡಚಿ ಇಟ್ಟಳು.

ಯಜಮಾನರು ಹೇಳಿದ್ದ ತಿಂಗಳು ಮುಗಿಯುವ ಹೊತ್ತಿಗೆ ಒಂದು ದೊಡ್ಡ ಪತ್ರ ಬಂತು. ಅಣ್ಣತಮ್ಮಂದಿರು ಸೇರಿ ಮಾರುವ ಜಾಗ, ನಿನ್ನ ಕೈ ಹೇಗಿದೆ ಇದರಲ್ಲಿ ನೋಡುತ್ತೇನೆ ಎಂದರಂತೆ ಯಜಮಾನರು. ಅವನನ್ನು ಬೈಕಿನಲ್ಲಿ ನಾನೇ ಕೂರಿಸಿಕೊಂಡು ಹೋದೆ. ಯಜಮಾನರು ಏನಾದರೂ ಎಗರಾಡಿದರೆ ಒಂದು ಕೈ ನೋಡೋಣ ಎಂದು ಅಲ್ಲೇ ಬೆಂಚಿನ ಮೇಲೆ ಕೂತೆ. ಮಾರುವವರು, ಕೊಳ್ಳುವವರು, ಸಾಕ್ಷಿಗಳು, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಪ್ರಿಂಟರು ಕರಕರ ಎನ್ನುತ್ತಿತ್ತು, ಕೆಳಗಿನಿಂದ ಜೆರಾಕ್ಸ್ ಯಂತ್ರದ ಸದ್ದು.

ಅವನು ಹಳೆಯ ಕೀಬೋರ್ಡು ಕಿತ್ತು ಮೊಟಕನ್ನು ಸಿಕ್ಕಿಸಿಕೊಂಡ. ಕಣ್ಣು ಕರಡಿನ ಮೇಲೆ. ಮನೆಯಲ್ಲಿ ಇಲ್ಲದ ಓಟ ಕೈಗೆ ಬಂತು. ಆ ಕುರ್ಚಿ, ಆ ಮೇಜು ಸಿಕ್ಕ ಕೂಡಲೇ ಕೈಗಳು ಅವನನ್ನು ಕೇಳದೆ ಹೊರಟುಬಿಟ್ಟವು. ಅಕ್ಷರದ ಮೇಲೆ ಓಡಿ, ಬಲಗೈ ಎದ್ದು ಬಲಗಡೆ ಹೋಗಿ ಟಕಟಕ ಕುಕ್ಕಿ ವಾಪಸ್ಸು ಬಂದು, ಮತ್ತೆ ಓಡಿ. ನಾನು ನೋಡುತ್ತಲೇ ಇದ್ದೆ. ಪರವಾಗಿಲ್ಲ, ಹಳೆಯ ಕುದುರೆ ಓಡುತ್ತಿದೆ ಎಂದುಕೊಂಡೆ. ಯಜಮಾನರು ಕೂಡ ಒಮ್ಮೆ ನೋಡಿ ತಲೆಯಾಡಿಸಿದರು.

ಪ್ರಿಂಟು ಬಂತು. ಸಹಿಗೆ ಮೊದಲು ಎರಡೂ ಕಡೆಯವರಿಗೆ ಪತ್ರ ಓದಿ ಹೇಳುವುದು ಆ ಆಫೀಸಿನ ಪದ್ಧತಿ. ಯಜಮಾನರು ಕನ್ನಡಕ ಏರಿಸಿ ಓದಿದರು. ಹೆಸರುಗಳೆಲ್ಲ ಸರಿಯಾಗಿದ್ದವು, ಒಂದು ಅಕ್ಷರ ಬಿಟ್ಟಿರಲಿಲ್ಲ. ಆಮೇಲೆ, "ಸರ್ವೆ ನಂಬರು..." ಎಂದು ನಿಲ್ಲಿಸಿದರು. "ಉದ್ದ... ಅಡಿ. ಅಗಲ... ಅಡಿ." ಹಾಳೆ ತಿರುಗಿಸಿ ನೋಡಿದರು.

"ಏನ್ ಸ್ವಾಮಿ," ಎಂದ ಕೊಳ್ಳುವವನು, "ನಂಗೆ ಬರೀ ಅಡಿ ಬರ್ದು ಕೊಡ್ತೀರೋ, ಎಷ್ಟು ಅಡಿ ಅಂತಾನೂ ಬರೀತೀರೋ?"

ಎಲ್ಲರೂ ನಕ್ಕರು. ಪುಟಪುಟದಲ್ಲೂ ಹಾಗೆಯೇ. ಅಂಕಿ ಇರಬೇಕಾದ ಕಡೆಯೆಲ್ಲ ಖಾಲಿ.

"ಮತ್ತೆ ಹೊಡಿ ನೋಡೋಣ," ಎಂದು ಯಜಮಾನರು ಅವನ ಪಕ್ಕ ಬಂದು ನಿಂತರು.

ಹೊಡೆದ. ಸರ್ವೆ ನಂಬರು ಬಂದ ಕೂಡಲೇ ಬಲಗೈ ಎದ್ದು, ಕೀಬೋರ್ಡು ದಾಟಿ, ಬರೀ ಮೇಜಿನ ಮೇಲೆ ಟಕಟಕ ಕುಕ್ಕಿ ವಾಪಸ್ಸು ಬಂತು. ಮೇಜಿನ ಹಲಗೆಯೂ ಸದ್ದು ಮಾಡುತ್ತದೆ. ಆ ಗಲಾಟೆಯಲ್ಲಿ ಯಾವ ಸದ್ದು ಯಾವುದೆಂದು ಯಾವ ಕಿವಿಗೆ ಗೊತ್ತಾಗಬೇಕು. ಬೆರಳಿಗೆ ಗೊತ್ತಾಗಬೇಕಿತ್ತು.

"ಮೇಜಿನ ಮೇಲೆ ಹೊಡೀತಿದೀಯಲ್ಲೋ," ಎಂದರು ಯಜಮಾನರು, ಮೆಲ್ಲಗೆ.

ಅವನು ತನ್ನ ಬಲಗೈ ನೋಡಿದ. ಬಸ್ಸಿನಲ್ಲಿ ಪಕ್ಕದವನ ಕೈ ನಮ್ಮ ತೊಡೆಯ ಮೇಲೆ ಬಿದ್ದಿದ್ದರೆ ನೋಡುತ್ತೇವಲ್ಲ, ಹಾಗೆ.

ನಾನು ಎದ್ದು ಕೂಗಾಡಿದೆ. ಅಂಕಿ ಇಲ್ಲದ ಕೀಬೋರ್ಡು ಮಾಡಿದವನ ವಂಶಕ್ಕೆ ಬೈದೆ, ಮಾರಿದವನಿಗೆ ಬೈದೆ, ನಕ್ಕವರಿಗೆ ಬೈದೆ. ಯಜಮಾನರಿಗೂ ಬೈಯೋಣ ಎಂದು ತಿರುಗಿದರೆ ಅವರು ತಲೆ ತಗ್ಗಿಸಿ ಪೆನ್ನಿನಿಂದ ಖಾಲಿ ಜಾಗಗಳನ್ನು ತುಂಬುತ್ತಿದ್ದರು. ಬಾಯಿ ಒಣಗಿ ಕೂತೆ.

ಸಂಜೆ ಮಗಳಿಗೆ ಹೇಳಿದ್ದು ನಾನು. ಅವಳು ಹಣೆ ಚಚ್ಚಿಕೊಂಡಳು.

"ಅಯ್ಯೋ, ಅಂಕಿಗೆ ಅಂತ ಬೇರೆ ಪ್ಯಾಡೇ ಸಿಗುತ್ತೆ ಅಪ್ಪ! ಅದನ್ನ ಬಲಗಡೆ ಇಟ್ಕೊಂಡ್ರೆ ಆಯ್ತು. ನಾಳೇನೇ ತರ್ತೀನಿ."

"ಕೇಳಿದ್ಯಾ?" ಎಂದೆ ನಾನು. "ಯಜಮಾನರಿಗೆ ನಾನು ಹೇಳ್ತೀನಿ. ಇನ್ನೊಂದು ವಾರ ಕೊಡ್ಲೇಬೇಕು."

"ಬೇಡ ಅಣ್ಣ."

"ಯಾಕೆ ಬೇಡ? ಬಾಯಲ್ಲಿ ಹೇಳು!"

"ಮೇಜು ಯಾವುದು, ಕೀ ಯಾವುದು ಅಂತ ನಂಗೆ ಗೊತ್ತಾಗ್ಲಿಲ್ಲ. ಆ ಪ್ಯಾಡ್ ಒಂದು ಬೆರಳಷ್ಟು ಆಚೆ ಸರಿದ್ರೂ ಗೊತ್ತಾಗಲ್ಲ. ಇವತ್ತು ಖಾಲಿ ಬಿತ್ತು, ಕಣ್ಣಿಗೆ ಕಾಣ್ತು. ನಾಳೆ ನಾಲ್ಕರ ಜಾಗದಲ್ಲಿ ಏಳು ಬಿದ್ರೆ ಯಾರೂ ನಗಲ್ಲ. ಒಬ್ಬನ ಗೋಡೆ ಇನ್ನೊಬ್ಬನ ಮನೆಯೊಳಗೆ ಹೋಗುತ್ತೆ."

ಅವನು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದಿಲ್ಲ. ಅಷ್ಟು ಹೇಳಿ ಊಟಕ್ಕೆ ಎದ್ದ. ಮಾಮೂಲಿನಷ್ಟೇ ಉಂಡ. ಮಗಳು ಕೀಬೋರ್ಡನ್ನು ಡಬ್ಬಿಗೆ ಹಾಕುತ್ತ, "ಕೊಟ್ಟು ಕೆಂಪಿಂದು ತರ್ಲಾ?" ಎಂದಳು.

"ತಗೊಂಬಾ. ನಿಂಗೆ ಅದೇ ಸರಿ ಅಂದಿದ್ಯಲ್ಲ."

ಮಾರನೆಯ ಬೆಳಿಗ್ಗೆ ಯಜಮಾನರು ಏನೂ ಕೇಳುವ ಮುಂಚೆಯೇ ಅವನು ಕಿಟಕಿ ಪಕ್ಕದ ಕುರ್ಚಿಯಿಂದ ತನ್ನ ಕೊಡೆ, ನೀರಿನ ಬಾಟಲಿ ತೆಗೆದುಕೊಂಡು ಬೆಂಚಿಗೆ ಬಂದು ಕೂತನಂತೆ. ಹೋಗಿಬಿಡು ಎನ್ನಲು ಯಜಮಾನರಿಗೂ ಆಗಲಿಲ್ಲ. ಒಬ್ಬಳು ಹೊಸ ಟೈಪಿಸ್ಟ್ ಬಂದಳು. ಕರಡು ಬರೆಯುವ ಯಜಮಾನರ ಕೈಬರಹ ಅವಳಿಗೆ ತಿಳಿಯುವುದಿಲ್ಲ. ಓದಿ ಹೇಳುವ ಕೆಲಸ ಇವನಿಗೆ ಕೊಟ್ಟರು. ಸಂಬಳ ಇಳಿಯಿತು, ಎಷ್ಟು ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೋದ ವಾರ ಆ ಕಡೆ ಗೇಟಿನ ಅಳತೆಗೆ ಹೋಗಿದ್ದವನು ಮಹಡಿ ಹತ್ತಿದೆ. ಅವನು ನನ್ನನ್ನು ನೋಡಿ ತಲೆಯಾಡಿಸಿದ, ಓದುವುದನ್ನು ನಿಲ್ಲಿಸಲಿಲ್ಲ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಚರಂಡಿ, ಉತ್ತರಕ್ಕೆ ಇನ್ಯಾರದೋ ಮನೆ. ಏರಿಳಿತವಿಲ್ಲದ ದನಿ. ಹುಡುಗಿ ಪರದೆ ನೋಡುತ್ತ ಹೊಡೆಯುತ್ತಿದ್ದಳು. ನಾನು ಅಲ್ಲಿ ನಿಂತು ಏನಾದರೂ ಅನ್ನಬೇಕೆಂದುಕೊಂಡೆ. ಯಾರಿಗೆ ಅನ್ನುವುದು ಎಂದು ತೋಚಲಿಲ್ಲ.

"ಸ್ವಲ್ಪ ನಿಧಾನ ಸಾರ್," ಎಂದಳು ಹುಡುಗಿ.

ಅವನು ಬೆರಳನ್ನು ಸಾಲಿನ ಕೆಳಗಿಟ್ಟು ನಿಧಾನ ಮಾಡಿದ.