ಹಚ್ಚದ ಒಲೆ

ಹಾನಗಲ್ಲಿನ ಹೆಣ್ಣುಮಕ್ಕಳ ಶಾಲೆಗೆ ಕಲಿಸಲು ಬಂದಾಗ ನನಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅವರ ಮುಖ ಕೂಡ ಸರಿಯಾಗಿ ನೆನಪಿರಲಿಲ್ಲ. ತವರಿನವರು ಧಾರವಾಡದಲ್ಲಿ ಟ್ರೇನಿಂಗ್ ಮಾಡಿಸಿ, ನೌಕರಿ ಹಿಡಿಸಿ, ಒಂದು ಟ್ರಂಕು ಕೊಟ್ಟು, ಬಸ್ಸು ಹತ್ತಿಸಿ ಕೈತೊಳೆದುಕೊಂಡರು. ಹೀಗೆಂದರೆ ಅವರಿಗೆ ಬೇಸರವಾದೀತು. ಆದರೆ ನನಗೆ ಅನಿಸಿದ್ದು ಹಾಗೆಯೇ.

ಬಾಡಿಗೆಗೆ ಸಿಕ್ಕ ಮನೆ ಆರು ಮನೆಗಳ ಸಾಲಿನಲ್ಲಿ ಕಡೆಯದು. ಯಾವ ಕಾಲದ್ದೋ ಕಟ್ಟಿಗೆಯ ಮನೆಗಳು. ಸಾಗವಾನಿ ಕಂಬ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ. ಮನೆಮನೆಗಳ ನಡುವೆ ಗೋಡೆ ಎಂಬುದು ಬರೀ ಹಲಗೆ. ಮೇಲಿನ ಅಟ್ಟವಂತೂ ಆರೂ ಮನೆಗೆ ಒಂದೇ. ಮೊದಲ ಮನೆಯಿಂದ ಹೊರಟ ಇಲಿ ನನ್ನ ತಲೆಯ ಮೇಲೆ ಬಂದು ನಿಲ್ಲುತ್ತಿತ್ತು. ನಾನು ಬರುವ ಎಷ್ಟೋ ವರ್ಷ ಮೊದಲು ಆ ಅಟ್ಟಕ್ಕೆ ಕಿಡಿ ಹತ್ತಿ ಅರ್ಧ ಸಾಲು ಸುಟ್ಟಿತ್ತಂತೆ. ನನ್ನ ಅಡಿಗೆಮನೆಯ ಒಂದು ತೊಲೆ ಇನ್ನೂ ಕರ್ರಗಿತ್ತು, ಮುಟ್ಟಿದರೆ ಬೆರಳಿಗೆ ಮಸಿ ಹತ್ತುತ್ತಿತ್ತು.

ಸುಟ್ಟ ಮೇಲೆ ಓಣಿಯವರೇ ಕೂತು ಕಟ್ಟಳೆ ಮಾಡಿಕೊಂಡಿದ್ದರು. ಪಕ್ಕದ ಮನೆಯ ಅಜ್ಜಿ ನನಗೆ ಮನೆ ತೋರಿಸಲು ಬಂದವಳು, ಬೀಗ ತೆಗೆಯುವ ಮೊದಲೇ ಶುರುಮಾಡಿದಳು.

“ಅಟ್ಟದ ಮ್ಯಾಲ ಹುಲ್ಲು ಏರಸಂಗಿಲ್ಲ ನೋಡ್ರಿ ಅಕ್ಕೋರ. ಚಿಮಣಿ ದೀಪ ಕಂಬಕ್ಕ ತೂಗಹಾಕಬ್ಯಾಡ್ರಿ. ಬೂದಿ ಚೆಲ್ಲೂ ಮುಂದ ನೀರು ಹಾಕಿ ಚೆಲ್ರಿ. ಬಾಗಲದಾಗ ಒಂದ ಹಂಡೆ ನೀರು ಯಾವಾಗ್ಲೂ ತುಂಬಿರಬೇಕು. ಅದನ್ನ ಮುಸುರಿಗೆ ಬಳಸಿದ್ರ ನಾ ಸುಮ್ನಿರಂಗಿಲ್ಲ.”

“ನಾ ಒಬ್ಬಾಕಿ ಇರಾಕಿರಿ. ನನಗೆಷ್ಟು ಮುಸುರಿ?” ಎಂದೆ.

ಇವೆಲ್ಲಕ್ಕಿಂತ ದೊಡ್ಡ ಕಟ್ಟಳೆ ಸಂಜೆಯದು. ಊಟ ಮುಗಿಯುವ ಹೊತ್ತಿಗೆ, ಪಾಳಿಯ ಮೇಲೆ ಒಂದೊಂದು ಮನೆಯ ಹೆಂಗಸು ಕಂದೀಲು ಹಿಡಿದು ಸಾಲುದ್ದಕ್ಕೂ ನಡೆಯಬೇಕು. ಪ್ರತಿ ಬಾಗಿಲಲ್ಲಿ ನಿಂತು “ಒಲಿ ಶಾಂತ ಆತೇನ್ರಿ?” ಎಂದು ಕೇಳಬೇಕು. ಆರಿತು, ನಂದಿತು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಪಶಕುನ. ಒಳಗಿನವರು “ಆತ್ರಿ” ಎಂದ ಮೇಲೆಯೇ ಮುಂದಿನ ಬಾಗಿಲು. ಕೇಳಿ ಸುಮ್ಮನೆ ಹೋಗುವುದುಂಟೇ? ಕೂಸಿನ ಜ್ವರ ಇಳಿಯಿತೇ, ಎಮ್ಮೆ ಈಯಿತೇ, ಹುಲಗೂರಿಗೆ ಹೋದವರು ಬಂದರೇ, ಎಲ್ಲ ವಿಚಾರಣೆಯೂ ಅಲ್ಲೇ ಆಗುತ್ತಿತ್ತು.

ಆ ಕಂದೀಲು ಅಜ್ಜಿಯ ಬಾಗಿಲಿಗೆ ಬಂದು ತಿರುಗಿ ಹೋಗುತ್ತಿತ್ತು. ನನ್ನ ಬಾಗಿಲಿಗೆ ಬರುತ್ತಿರಲಿಲ್ಲ. ಅವರ ತಪ್ಪೇನೂ ಇಲ್ಲ. ನನ್ನದು ಒಪ್ಪತ್ತಿನ ಊಟ. ನಮ್ಮ ಮನೆತನದಲ್ಲಿ ಗಂಡ ಸತ್ತವಳಿಗೆ ರಾತ್ರಿ ಅನ್ನವಿಲ್ಲ. ಬೆಳಿಗ್ಗೆ ಮಡಿಯಲ್ಲಿ ಬೇಯಿಸಿ ಉಂಡು ಶಾಲೆಗೆ ಹೋದರೆ, ಸಂಜೆಗೆ ಒಂದು ಲೋಟ ಹಾಲು, ಒಂದು ಬಾಳೆಹಣ್ಣು. ಇದು ಓಣಿಗೆಲ್ಲ ಗೊತ್ತಿತ್ತು. ಹಚ್ಚದ ಒಲೆಯನ್ನು ಯಾರು ಕೇಳುತ್ತಾರೆ?

ಶಾಲೆಯಲ್ಲಿ ಗಂಟಲು ಹರಿಯುವಂತೆ ಕೂಗುತ್ತಿದ್ದೆ, ಆದರೆ ಅದು ಮಾತಲ್ಲ. ಸಂಜೆ ಕದ ಹಾಕಿಕೊಂಡರೆ ಮರುದಿನದವರೆಗೆ ‘ಇದ್ದೀಯಾ’ ಎನ್ನುವವರು ಇರಲಿಲ್ಲ. ಹಲಗೆಯಾಚೆ ಅಜ್ಜಿ ಮೊಮ್ಮಕ್ಕಳನ್ನು ಬೈಯುತ್ತಿದ್ದಳು. ಆ ಬೈಗುಳಕ್ಕೂ ನಾನು ಕಿವಿಗೊಟ್ಟು ಕೂಡುತ್ತಿದ್ದೆ. ಒಬ್ಬರೇ ಇರುವುದು ರೂಢಿಯಾಗುತ್ತದೆ ಎನ್ನುತ್ತಾರೆ. ಶುದ್ಧ ಸುಳ್ಳು. ನನಗೆ ಆಗಲಿಲ್ಲ.

ಒಂದು ಸಂಜೆ ಒಲೆ ಹಚ್ಚಿಬಿಟ್ಟೆ. ಬೇಯಿಸಲು ಏನೂ ಇರಲಿಲ್ಲ, ತಪೇಲಿಯಲ್ಲಿ ನೀರಿಟ್ಟೆ. ಹಂಚಿನ ಸಂದಿಯಿಂದ ಹೊಗೆ ಎದ್ದದ್ದು ಓಣಿಗೆ ಕಂಡಿರಬೇಕು. ಕಂದೀಲು ಅಜ್ಜಿಯ ಬಾಗಿಲು ದಾಟಿ ನನ್ನ ಹೊಸ್ತಿಲಿಗೆ ಬಂತು.

“ಅಕ್ಕೋರ, ಒಲಿ ಶಾಂತ ಆತೇನ್ರಿ?”

ಗಡಿಬಿಡಿಯಲ್ಲಿ ಒಲೆಗೆ ನೀರು ಚಿಮುಕಿಸಿ “ಆತ್ರಿ!” ಎಂದೆ, ಇಡೀ ಶಾಲೆಗೆ ಕೇಳುವಷ್ಟು ಜೋರಾಗಿ. ಅಂದು ಒಳ್ಳೆಯ ನಿದ್ದೆ ಬಂತು.

ಆಮೇಲೆ ದಿನವೂ ಹಚ್ಚಿದೆ. ಬಾವಿಕಟ್ಟೆಯಲ್ಲಿ ಗುಸುಗುಸು ಎದ್ದಿತು: ಅಕ್ಕೋರು ಒಪ್ಪತ್ತು ಬಿಟ್ಟಾರ, ರಾತ್ರಿ ಕದ ಹಾಕ್ಕೊಂಡು ಅಡಿಗಿ ಮಾಡಿ ಉಣ್ತಾರ. ಈ ಮಾತು ಶಾಲೆಯ ಕಮಿಟಿಯವರ ಕಿವಿಗೆ ಬಿದ್ದರೆ ನೌಕರಿ ಹೋಗುತ್ತಿತ್ತು, ತವರಿಗೆ ಮುಟ್ಟಿದರೆ ಇದ್ದಷ್ಟು ನಂಟೂ ಹೋಗುತ್ತಿತ್ತು. ಗೊತ್ತಿದ್ದೂ ಹಚ್ಚುತ್ತಿದ್ದೆ.

ಒಂದು ದಿನ ಪಾಳಿ ಅಜ್ಜಿಯದು. ಅವಳು ಬರುವುದು ತಡವಾಯಿತು. ಹೊಗೆ ನಿಂತರೆ ತಿರುಗಿ ಹೋದಾಳೆಂದು ನಾನು ಒಲೆ ಆರಿಸಿರಲಿಲ್ಲ. ಉರಿಯುವ ಒಲೆಯನ್ನು ಹಾಗೇ ಬಿಟ್ಟು ತಲಬಾಗಿಲಿಗೆ ಬಂದು, ಕದಕ್ಕೆ ಕಿವಿಯಿಟ್ಟು ಕಾಯುತ್ತ ನಿಂತೆ. ಸಾಲಿನ ಆಚೆಯ ಮನೆಯ ಬಾಗಿಲಲ್ಲಿ ಅಜ್ಜಿಯ ನಗೆ ಕೇಳಿಸಿತು. ಏನು ಹೇಳಿಕೊಂಡು ನಗುತ್ತಿರಬಹುದು, ನನ್ನ ಬಾಗಿಲಲ್ಲೂ ಹಾಗೆ ನಕ್ಕಾಳೆಯೇ ಎಂದುಕೊಳ್ಳುತ್ತ ಮೈಮರೆತೆ. ಸುಟ್ಟ ವಾಸನೆ ಮೂಗಿಗೆ ಬಡಿದಾಗ ಓಡಿಹೋಗಿ ನೋಡಿದರೆ, ಒಲೆಯಿಂದ ಉರುಳಿದ ಕೊಳ್ಳಿ ತೊಗರಿಕಟ್ಟಿಗೆಯ ಹೊರೆಗೆ ಹತ್ತಿ, ಉರಿ ಕಂಬದ ಬುಡಕ್ಕೆ ತಾಗಿತ್ತು.

ಚೀರುತ್ತ ಬಂದು ಚಿಲಕ ತೆಗೆದೆ. ಅಜ್ಜಿ ನುಗ್ಗಿದಳು. ಬಾಗಿಲಿನ ಹಂಡೆಯಿಂದ ಕೊಡಗಟ್ಟಲೆ ನೀರು ಮೊಗೆದು ಇಬ್ಬರೂ ಸುರಿದೆವು. ಮಡಿ, ಮೈಲಿಗೆ ಯಾರಿಗೂ ನೆನಪಾಗಲಿಲ್ಲ.

“ಆರೂ ಮನಿ ಸುಡ್ತಿದ್ದೂವಲ್ರಿ! ಆ ಕಡೆ ಕೂಸುಗಳು ಮಲಗ್ಯಾವ!” ಎಂದು ಕಿರುಚಿದಳು. ನಾನು ಕದ್ದು ಉಣ್ಣುವುದು ಏನೆಂದು ನೋಡಲು ತಪೇಲಿಯ ಮುಚ್ಚಳ ತೆಗೆದಳು. ಬರೀ ನೀರು. ಸುತ್ತ ನೋಡಿದಳು. ಉಳಿದ ಪಾತ್ರೆಗಳೆಲ್ಲ ತೊಳೆದು ಬೋರಲು ಹಾಕಿದ್ದವು.

“ಏನ್ ಬೇಸಾಕತ್ತಿದ್ರಿ?”

“ಏನಿಲ್ರಿ.”

“ಮತ್ತ ಯಾಕ ಹಚ್ಚಿದ್ರಿ?”

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ.

“ಹಚ್ಚಿದ್ರಷ್ಟ ನೀವು ಬಂದು ಕೇಳ್ತೀರಿ,” ಎಂದೆ. ಅಳು ತಡೆಯಲಾಗಲಿಲ್ಲ.

ಅಜ್ಜಿ ಕಂಬದ ಬುಡಕ್ಕೆ ಕೈಯಾಡಿಸಿ, ಕಾವು ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು, “ಹಂಡೆ ತುಂಬಸ್ರಿ” ಎಂದಷ್ಟೇ ಹೇಳಿ ಹೋದಳು.

ಮರುದಿನ ಒಲೆ ಹಚ್ಚಲಿಲ್ಲ. ಮನೆ ಬಿಡಿ ಎಂಬ ಮಾತು ಬಂದೇ ಬರುತ್ತದೆಂದು ಸೀರೆಗಳನ್ನು ಟ್ರಂಕಿಗೆ ತುಂಬಿ ಕೂತಿದ್ದೆ. ಕಂದೀಲು ಅಜ್ಜಿಯ ಬಾಗಿಲಿಗೆ ಬಂತು. ಅಲ್ಲಿಂದ ಮುಂದೆ ಬಂತು. ಅಂದು ಪಾಳಿ ಮೊದಲ ಮನೆಯ ಸೊಸೆಯದು.

“ಅಕ್ಕೋರ, ಒಲಿ ಶಾಂತ ಆತೇನ್ರಿ?”

“ನಾ ಹಚ್ಚೇ ಇಲ್ಲವ್ವಾ.”

“ಹಚ್ಚದಿದ್ರೂ ಕೇಳಿ ಬಾ ಅಂದಾಳ್ರಿ ಅಜ್ಜಿ. ಇನ್ನ ಮ್ಯಾಲ ಆರೂ ಬಾಗಲದಾಗ ಕೇಳೂದಂತ.” ಕಂದೀಲನ್ನು ಕೈ ಬದಲಿಸಿ ಹಿಡಿದಳು. “ಹಾಲು ಕುಡದ್ರೇನ್ರಿ?”

ಅಲ್ಲಿದ್ದಷ್ಟು ವರ್ಷ ಹಚ್ಚದ ಒಲೆಯ ಪರವಾಗಿ “ಆತ್ರಿ” ಎಂದೆ. ನನಗೂ ಪಾಳಿ ಹಾಕಿದರು. ಮೊದಮೊದಲು ಶಾಲೆಯಲ್ಲಿ ಹಾಜರಿ ಕರೆದ ಹಾಗೆ ಕೇಳುತ್ತಿದ್ದೆನಂತೆ, ಮಕ್ಕಳು ಒಳಗೆ ಅಣಕಿಸಿ ನಗುತ್ತಿದ್ದರು.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಹಿರೇಕೆರೂರಿಗೆ ವರ್ಗವಾಯಿತು. ಅಲ್ಲಿ ಸಿಕ್ಕದ್ದು ಮಣ್ಣಿನ ಗೋಡೆಯ ಬಿಡಿ ಮನೆ. ಕಟ್ಟಿಗೆ ಕಡಿಮೆ, ಬೆಂಕಿಯ ಹೆದರಿಕೆಯೂ ಕಡಿಮೆ. “ಇಲ್ಲೆ ಯಾರ ಕಾಟಾನೂ ಇಲ್ರಿ,” ಎಂದು ಮನೆ ತೋರಿಸಿದವರು ಹೆಮ್ಮೆಪಟ್ಟರು.

ಮೊದಲ ಸಂಜೆ ಹಾಲು ಕುಡಿದು ಕದದ ಹಿಂದೆ ನಿಂತೆ. ಯಾರೂ ಬರುವುದಿಲ್ಲವೆಂದು ಗೊತ್ತಿತ್ತು. ಆದರೂ ನಿಂತೆ. ಬಹಳ ಹೊತ್ತಾದ ಮೇಲೆ ಕಂದೀಲು ಹಚ್ಚಿಕೊಂಡು, ಅಂಗಳ ದಾಟಿ, ಗುರುತು ಪರಿಚಯವಿಲ್ಲದ ಪಕ್ಕದ ಮನೆಯ ಬಾಗಿಲಿಗೆ ಹೋದೆ.

“ಒಲಿ ಶಾಂತ ಆತೇನ್ರಿ?”

ಒಳಗೆ ಪಾತ್ರೆ ತೊಳೆಯುವ ಸಪ್ಪಳ ನಿಂತಿತು. ಆಮೇಲೆ ಒಬ್ಬ ಹೆಣ್ಣುಮಗಳು ಕೇಳಿದಳು, “ಯಾರ್ರಿ ಅದು?”