ಡಬ್ಬಿಯಲ್ಲಿ ನಿನ್ನೆಯ ಸಾರು

ಮೊದಲನೆಯದಾಗಿ, ಬಸ್ಸೇ ಬಾರದಿರಬಹುದಿತ್ತು. ಬಂದರೂ ಕಿಟಕಿ ಪಕ್ಕದ ಸೀಟು ಸಿಗದೆ ಅಕ್ಕನಿಗೆ ವಾಂತಿಯಾಗಬಹುದಿತ್ತು. ಹೆದ್ದಾರಿಯಲ್ಲಿ ಎಲ್ಲಾದರೂ ರಸ್ತೆ ಅಗೆದು ನಮ್ಮನ್ನು ಬಿಸಿಲಲ್ಲಿ ನಿಲ್ಲಿಸಬಹುದಿತ್ತು. ಬಂಗಡೆಯ ಮುಳ್ಳು ನನ್ನ ಗಂಟಲಿನಲ್ಲಿ ಅಡ್ಡ ಬೀಳಬಹುದಿತ್ತು. ಒಂದೇ ದಿನ ಮೂರು ಊರಿನಲ್ಲಿ ತಿಂದು, ಮೊದಲೇ ಮುನಿಸಿಕೊಂಡಿರುವ ನನ್ನ ಹೊಟ್ಟೆ ಭಟ್ಕಳದ ಬಸ್‌ ಸ್ಟ್ಯಾಂಡಿನಲ್ಲಿ ಮಾನ ಕಳೆಯಬಹುದಿತ್ತು. ಹೋಟೆಲಿನವರು ನಮ್ಮನ್ನು ಹಿಡಿದು ಹೊರಗೆ ಹಾಕಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅಕ್ಕ ಊಟದ ನಡುವೆ ನನ್ನ ಮುಖವನ್ನೇ ನೋಡುತ್ತ, "ಹೇಳು ತಮಾ, ಯಾರ ಸಾರು ಚಲೋ?" ಎಂದು ಕೇಳಬಹುದಿತ್ತು. ನಾನು ನಿಜ ಹೇಳಬೇಕಾಗಿ ಬರಬಹುದಿತ್ತು.

ಇಷ್ಟನ್ನೂ ಹಿಂದಿನ ದಿನವೇ ಹೆಂಡತಿಗೆ ಒಪ್ಪಿಸಿದೆ. ಅವಳು ಬಸಳೆ ಸೊಪ್ಪು ಬಿಡಿಸುತ್ತ, "ಒಂದು ಬಿಟ್ಟೇ ಹೋಯ್ತಲ್ರೀ, ಸುನಾಮಿ" ಎಂದಳು. ನಿಜ ಹೇಳಬೇಕೆಂದರೆ ಅದು ನನಗೆ ಹೊಳೆದಿರಲಿಲ್ಲ. ಅಘನಾಶಿನಿ, ಶರಾವತಿ ಎರಡರ ಅಳಿವೆಯನ್ನೂ ನೆನೆದುಕೊಂಡು ಅದನ್ನೂ ಸೇರಿಸಿಕೊಂಡೆ.

ವಿಷಯ ಇಷ್ಟು. ನನ್ನ ಅಕ್ಕ ಹಳದೀಪುರದಲ್ಲಿರುವುದು. ಶಾಲೆಯ ಬಿಸಿಯೂಟದ ಅಡುಗೆ ಮಾಡಿಕೊಂಡಿದ್ದವಳು, ವಯಸ್ಸಾಯಿತೆಂದು ಆ ಕೆಲಸ ಮುಗಿಸಿ ಮನೆಗೆ ಬಂದಿದ್ದಳು. ಇನ್ನೂರು ಮಕ್ಕಳಿಗೆ ಅನ್ನ ಬೇಯಿಸಿದ ಕೈಗೆ ಭಾವ ಮತ್ತು ಅವಳು ಇಬ್ಬರ ಅಡುಗೆ ಸಾಲುತ್ತಿರಲಿಲ್ಲ. ಒಂದು ತಿಂಗಳು ನೆರೆಮನೆಗೆಲ್ಲ ಸಾರು ಹಂಚಿದಳು. ಎರಡನೇ ತಿಂಗಳು ನೆರೆಯವರೇ ಬಾಗಿಲು ಹಾಕಿಕೊಳ್ಳತೊಡಗಿದರು. ಅಷ್ಟರಲ್ಲಿ ಹೆದ್ದಾರಿಯ ಪಕ್ಕ ಒಂದು ಕೋಣೆ ಖಾಲಿಯಾಯಿತು. ಮಧ್ಯಾಹ್ನ ಮಾತ್ರ ಮೀನೂಟ ಹಾಕುವ ಖಾನಾವಳಿ ಮಾಡುವುದೆಂದು ಅವಳ ಆಸೆ. ಆದರೆ ಮೊಬೈಲು ರಿಪೇರಿಯವನೊಬ್ಬನೂ ಆ ಕೋಣೆಯ ಮೇಲೆ ಕಣ್ಣಿಟ್ಟಿದ್ದ. ಕೋಣೆಯ ಯಜಮಾನರು, "ಬುಧವಾರ ಸಂಜೆ ಒಳಗೆ ಹೌದೋ ಅಲ್ವೋ ಹೇಳಿ ಬಿಡು ಮಾರಾಯ್ತಿ" ಎಂದಿದ್ದರು.

ಅಕ್ಕನಿಗೆ ಇದ್ದದ್ದು ಒಂದೇ ಅನುಮಾನ. ಅವಳ ಸಾರು ಹೋಟೆಲಿನಲ್ಲಿ ನಿಲ್ಲುತ್ತದೆಯೋ ಇಲ್ಲವೋ.

"ನಾವೆಲ್ಲ ಹೊಗಳ್ತೇವಲ್ಲೇ" ಎಂದೆ.

"ಮನೆಯವ್ರು ಹೊಗಳಿದ್ರೆ ಎಂತ ಆತು? ಹಸಿವಾದ್ರೆ ಹೊಗಳ್ತಾರೆ. ಬೇರೆಯವ್ರು ಹೆಂಗೆ ಮಾಡ್ತಾರೆ ಅಂತ ನಾ ತಿಂದು ನೋಡ್ದದ್ದೇ ಇಲ್ಲ."

ಅದು ಸತ್ಯ. ನಮ್ಮಲ್ಲಿ ಹೆಂಗಸರು ಹೋಟೆಲಿಗೆ ಹೋಗುವುದೆಂದರೆ ಯಾರೋ ಆಸ್ಪತ್ರೆಯಲ್ಲಿದ್ದಾರೆ ಎಂದು ಅರ್ಥ. ಅಕ್ಕ ತನ್ನ ಜೀವಮಾನದಲ್ಲಿ ಹೋಟೆಲಿನಲ್ಲಿ ತಿಂದದ್ದೆಲ್ಲ ಯಾರದೋ ಹೆರಿಗೆ, ಯಾರದೋ ಆಪರೇಷನ್ನಿನ ಲೆಕ್ಕದಲ್ಲಿ. ಹಾಗಾಗಿ ಅವಳಿಗೆ ಹೋಟೆಲ್ಲೆಂದರೆ ಮಸಾಲೆ ದೋಸೆಯ ಜತೆಗೆ ಡೆಟಾಲಿನ ವಾಸನೆ.

ಅದಕ್ಕೇ ನಾನು ಒಂದು ದಿನದ ತಿರುಗಾಟ ಗೊತ್ತುಮಾಡಿದೆ: ನಾನಿರುವ ಕುಮಟೆಯಲ್ಲಿ ತಿಂಡಿ, ಭಟ್ಕಳದಲ್ಲಿ ಬಿರಿಯಾನಿ, ಹಿಂದೆ ಬರುತ್ತ ಹೊನ್ನಾವರದಲ್ಲಿ ಮೀನೂಟ, ಸಂಜೆಯೊಳಗೆ ಹಳದೀಪುರ. ವಾರವನ್ನೂ ನಾನೇ ಹುಡುಕಿದ್ದು. ಸೋಮವಾರ ಅಕ್ಕ ಮೀನು ಮುಟ್ಟುವುದಿಲ್ಲ, ಗುರುವಾರ ಭಾವ, ಶನಿವಾರ ಇಬ್ಬರೂ. ಭಾನುವಾರ ಗದ್ದಲ. ಬುಧವಾರ ದೇವರುಗಳಿಗೂ ನಮ್ಮ ನಾಲಿಗೆಗೂ ಜಗಳವಿಲ್ಲ. ನನ್ನ ಕಾರಿನಲ್ಲಿ ಹೋಗೋಣ ಎಂದದ್ದಕ್ಕೆ ಮಾತ್ರ ಅಕ್ಕ ಒಪ್ಪಲಿಲ್ಲ. "ನೀ ಕಾರು ಬಿಡೂದಾ? ಇವತ್ತಿನ ಊಟಕ್ಕೆ ನಾಳೆ ಮುಟ್ತೇವೆ."

ಬುಧವಾರ ಬೆಳಿಗ್ಗೆ ಅವಳು ಕುಮಟೆಯಲ್ಲಿ ಬಸ್ಸಿಳಿದಾಗ ಕೈಯಲ್ಲಿ ಒಂದು ಚೀಲವಿತ್ತು. ಚೀಲದಲ್ಲಿ ಒದ್ದೆ ಟವೆಲು ಸುತ್ತಿದ ಸ್ಟೀಲಿನ ಡಬ್ಬಿ.

"ಇದೆಂತ?"

"ನಿನ್ನೆಯ ಬಂಗಡೆ ಸಾರು."

ಅದರ ಬಗ್ಗೆ ಒಂದು ಮಾತು ಹೇಳಬೇಕು. ಮೀನು ಸಾರು ಮಾಡಿದ ದಿನ ಬರೀ ಸಾರು. ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ಸಣ್ಣ ಬೆಂಕಿಯಲ್ಲಿ ಕುದಿಸಿ ಗಟ್ಟಿಮಾಡಿದಾಗ, ಮುರುಗಲಿನ ಹುಳಿ ಮೀನಿನೊಳಗೆ ಇಳಿದು, ನಾಲಿಗೆ ಜುಮ್ಮೆನ್ನಿಸುವ ಜುಮ್ಮನಕಾಯಿಯ ಘಾಟು ಸಾರಿನೊಳಗೆ ಬಂದು, ಮೇಲೆ ಎಣ್ಣೆಯಂಥದ್ದು ಮಿನುಗುತ್ತದೆ. ಅದು ನಿನ್ನೆಯ ಸಾರು. ನಮ್ಮ ಮನೆಯಲ್ಲಿ ಅದಕ್ಕಾಗಿ ನಾನು ಮತ್ತು ಅಕ್ಕ ಹೊಡೆದಾಡಿದ್ದೇವೆ, ಚಿಕ್ಕವರಿದ್ದಾಗ ಅಷ್ಟೇ ಅಲ್ಲ, ಹೋದ ದೀಪಾವಳಿಯಲ್ಲೂ.

"ಹೋಟ್ಲಿಗೆ ಮನೆಯ ಸಾರು ತಕಂಡು ಹೋಗೂದಾ!" ಎಂದು ನಾನು ನಿಂತಲ್ಲೇ ಬೆವತೆ. "ಹೊರಗಿನ ತಿಂಡಿ ತರಬಾರದು ಅಂತ ಬೋರ್ಡು ಇರ್ತದೆ."

"ಹೊನ್ನಾವರದಲ್ಲಿ ಅಲ್ಲಿಯ ಸಾರು ಒಂದು ತುತ್ತು, ನಂದು ಒಂದು ತುತ್ತು ತಿನ್ನು. ತಿಂದು ಸಾಕ್ಷಿ ಹೇಳು. ನಂದು ಸಪ್ಪೆ ಅನ್ಸಿದ್ರೆ ಸಪ್ಪೆ ಅನ್ನು. ಕೋಣೆ ಬೇಡ ಅಂತೇನೆ, ಅಷ್ಟೇ."

ಅಷ್ಟೇ ಅಂತೆ. ತೀರ್ಪು ನನ್ನ ನಾಲಿಗೆಯ ಮೇಲೆ ಬಂದು ಕೂತಿತು. ಕಳೆದ ವರ್ಷ ಅಂಗಿಯ ಬಣ್ಣ ಯಾವುದೆಂದು ತೀರ್ಮಾನಿಸಲು ಆಗದೆ ಅಂಗಡಿಯಿಂದ ಬರಿಗೈಲಿ ಬಂದ ಮನುಷ್ಯ ನಾನು.

ಕುಮಟೆಯ ಬನ್ಸ್ ಭಾಜಿ ನಿರಾಯಾಸವಾಗಿ ನಡೆಯಿತು. ಹೊರಗೆ ಗರಿ, ಒಳಗೆ ಬಾಳೆಹಣ್ಣಿನ ಸಿಹಿ, ಜತೆಗೆ ನೀರು ನೀರಾದ ಬಟಾಟೆ ಭಾಜಿ. ಅಕ್ಕ ಬನ್ಸನ್ನು ಮುರಿದು ಒಳಗಿನ ಪೊಳ್ಳನ್ನು ಬೆಳಕಿಗೆ ಹಿಡಿದು ನೋಡಿದಳು. ಅಷ್ಟರಲ್ಲಿ ಹಳದೀಪುರದ ಪರಿಚಯದ ಹೆಂಗಸೊಬ್ಬಳು ಬಾಗಿಲಲ್ಲಿ ಕಂಡವಳೇ ನೆಟ್ಟಗೆ ನಮ್ಮ ಮೇಜಿಗೆ ಬಂದು, ಸ್ವರ ತಗ್ಗಿಸಿ ಕೇಳಿದಳು: "ಯಾರಿಗೆ ಆರಾಮಿಲ್ಲ?"

"ಯಾರಿಗೂ ಎಂತ ಆಗ್ಲಿಲ್ಲ. ಸುಮ್ನೆ ತಿನ್ನೂಕೆ ಬಂದದ್ದು" ಎಂದಳು ಅಕ್ಕ.

ಆಕೆ ನಂಬಲಿಲ್ಲ. ನನ್ನ ಮುಖ ನೋಡಿದಳು. ನನ್ನ ಮುಖ ಯಾವತ್ತೂ ಆಸ್ಪತ್ರೆಯಿಂದ ಬಂದವನ ಹಾಗೆಯೇ ಇರುವುದರಿಂದ, "ಎಲ್ಲ ಗುಣ ಆಗ್ತದೆ, ದೇವರಿದ್ದಾನೆ" ಎಂದು ನನಗೆ ಧೈರ್ಯ ಹೇಳಿ ಹೋದಳು.

ಭಟ್ಕಳದ ಬಸ್ಸು ಸಮಯಕ್ಕೆ ಬಂತು. ಕಿಟಕಿಯ ಸೀಟೂ ಸಿಕ್ಕಿತು. ವಾಂತಿ ಬರುವ ಹಾಗೆ ಆದದ್ದು ನನಗೇ. ಚಿಂತೆಗೆ ಇರಬೇಕು. ಅಕ್ಕ ಚೀಲದಿಂದ ಒಂದು ಲಿಂಬೆಹಣ್ಣು ತೆಗೆದು ನನ್ನ ಕೈಗಿಟ್ಟು, ಡಬ್ಬಿಯನ್ನು ಮಡಿಲಿನಲ್ಲಿ ಇಟ್ಟುಕೊಂಡು, ಶಿರಾಲಿ ದಾಟುವವರೆಗೂ ಆರಾಮವಾಗಿ ನಿದ್ದೆ ಹೊಡೆದಳು.

ಭಟ್ಕಳದ ಆ ಸಣ್ಣ ಹೋಟೆಲಿನಲ್ಲಿ ಬಿರಿಯಾನಿಯ ಹಂಡೆ ಆಗಷ್ಟೇ ಬಾಯಿ ತೆರೆದಿತ್ತು. ಪರದೆ ಎಳೆದ ಫ್ಯಾಮಿಲಿ ಕೋಣೆಯಲ್ಲಿ ಇಬ್ಬರೂ ಒಂದೇ ಪ್ಲೇಟು ಹಂಚಿಕೊಂಡೆವು. ಮೇಲೆ ಬಿಳಿ, ಹಳದಿ ಅನ್ನ, ಹುರಿದ ಈರುಳ್ಳಿ, ಕರಿಬೇವು. ಅಡಿಯಲ್ಲಿ ಕೋಳಿಯ ಮಸಾಲೆ. ಅಕ್ಕ ಒಂದು ತುತ್ತು ತಿಂದವಳೇ ಪರದೆ ಸರಿಸಿ, ಗಲ್ಲಾದಲ್ಲಿದ್ದ ಗಡ್ಡದ ಮುದುಕರಿಗೆ ಕೊಂಕಣಿಯಲ್ಲಿ ಏನೋ ಕೇಳಿದಳು. ಅವರು ನವಾಯತಿಯಲ್ಲಿ ಉತ್ತರ ಕೊಟ್ಟರು. ಎರಡು ಭಾಷೆ ಅಕ್ಕತಂಗಿಯರ ಹಾಗೆ, ಸೀರೆ ಬೇರೆ, ನಗು ಒಂದೇ. ಇಬ್ಬರೂ ಕೈಯಲ್ಲಿ ಈರುಳ್ಳಿ ಹೆಚ್ಚುವುದು, ಬಾಡಿಸುವುದು ಎಲ್ಲ ಮಾಡಿ ತೋರಿಸಿಕೊಂಡರು.

"ಎಂತ ಹೇಳಿದ್ರು?"

"ಕೋಳಿಗಿಂತ ಈರುಳ್ಳಿ ಹೆಚ್ಚು ಹಾಕ್ತಾರಂತೆ. ಕರಗಿ ಮಸಾಲೆಯೇ ಆಗೂವರೆಗೆ. ನಮ್ಮ ಕುಮಟೆಯ ಸಿಹಿ ಈರುಳ್ಳಿ ಹಾಕಿದ್ರೆ ಹೆಂಗೆ ಅಂತ ಕೇಳ್ದೆ. ಪಾಯಸ ಆಗ್ತದೆ ಅಂದ್ರು." ಅವಳ ಕಣ್ಣಿನಲ್ಲಿ ಒಂದು ಹೊಳಪು ಬಂದಿತ್ತು. ಆಮೇಲೆ ತಟ್ಟನೆ ಕುಗ್ಗಿದಳು. "ಇವ್ರದ್ದು ಎಷ್ಟು ಚಂದ ಉಂಟು ತಮಾ. ನಾ ಎಂತ ಹೋಟ್ಲು ಮಾಡೂದು. ನೋಡ್ವ."

ಬಸ್ಸಿನಲ್ಲಿ ಹೊನ್ನಾವರದವರೆಗೂ ಅವಳು ಈ ಸಲ ನಿದ್ದೆ ಮಾಡಲಿಲ್ಲ. ಡಬ್ಬಿಯ ಮುಚ್ಚಳವನ್ನು ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದಳು. ಆಗ ನನಗೆ ಮುಳ್ಳು, ಹೊಟ್ಟೆ, ಸುನಾಮಿ ಎಲ್ಲ ಮರೆತುಹೋಗಿ ಆ ಒಂದು ಪ್ರಶ್ನೆ ಮಾತ್ರ ಉಳಿಯಿತು. ನಿಜಕ್ಕೂ ಅವಳ ಸಾರು ಸಪ್ಪೆ ಅನ್ನಿಸಿದರೆ ಏನು ಹೇಳಲಿ?

ಹೊನ್ನಾವರದ ಮೀನೂಟದ ಹೋಟೆಲು ಊಟದ ಹೊತ್ತಿನ ಜಾತ್ರೆ. ಎದುರು ಬದುರು ಕೂರುವ ಮೇಜು, ಜಾಗ ಇದ್ದಲ್ಲಿ ಯಾರು ಬೇಕಾದರೂ ಕೂರುವುದು. ಪ್ರತಿ ಮೇಜಿನ ನಡುವೆ ಒಂದು ಸ್ಟೀಲಿನ ಪಾತ್ರೆಯಲ್ಲಿ ಮೀನಿನ ಸಾರು ಇಟ್ಟಿರುತ್ತಾರೆ. ಬೇಕಾದವರು ಬೇಕಾದಷ್ಟು ಹಾಕಿಕೊಳ್ಳಬಹುದು. ಕುಚ್ಚಲಕ್ಕಿ ಅನ್ನ ಬಂತು. ಅಕ್ಕ ಮೇಜಿನ ಮೇಲಿನ ಸಾರು ಹಾಕಿ ತಿಂದಳು, ತಲೆಯಾಡಿಸಿದಳು, ನಂತರ ಕಳ್ಳಸಾಗಣೆಯವಳ ಹಾಗೆ ಡಬ್ಬಿಯನ್ನು ತೆಗೆದು ಮುಚ್ಚಳ ಬಿಚ್ಚಿ, ಹೋಟೆಲಿನ ಪಾತ್ರೆಯ ಪಕ್ಕದಲ್ಲೇ ಇಟ್ಟಳು. ನಾನು ಗಲ್ಲಾದಲ್ಲಿದ್ದ ಯಜಮಾನ ನೋಡುತ್ತಾನೋ ಎಂದು ಅತ್ತ ಕತ್ತು ಚಾಚಿದೆ. ಅವನು ನೋಡುತ್ತಿರಲಿಲ್ಲ. ನೆಮ್ಮದಿಯಿಂದ ಇತ್ತ ತಿರುಗಿದೆ.

ಅಷ್ಟರಲ್ಲಿ ನಮ್ಮ ಎದುರಿಗೆ ಖಾಕಿ ಅಂಗಿಯ ಕಂಡಕ್ಟರೊಬ್ಬ ಬಂದು ಕೂತಿದ್ದ. ಬಸ್ಸು ಹೊರಡುವ ಗಡಿಬಿಡಿ ಅವನದು. ಕೈಗೆ ಹತ್ತಿರ ಸಿಕ್ಕ ಪಾತ್ರೆ ಎತ್ತಿ ಅನ್ನಕ್ಕೆ ಸುರಿದುಕೊಂಡ. ಅದು ಅಕ್ಕನ ಡಬ್ಬಿ.

ನಾನು ಬಾಯಿ ತೆರೆದೆ. ಅಕ್ಕ ಮೇಜಿನಡಿಯಲ್ಲಿ ನನ್ನ ಕಾಲು ತುಳಿದಳು.

ಕಂಡಕ್ಟರು ಒಂದು ತುತ್ತು ಉಂಡ. ಗಡಿಬಿಡಿ ನಿಂತಿತು. ಎರಡನೆಯ ತುತ್ತನ್ನು ನಿಧಾನ ಅಗಿದ. ಆಮೇಲೆ ಡಬ್ಬಿಯನ್ನೇ ಎತ್ತಿ, ಮೀನಿನ ತುಂಡು ಸಮೇತ ಅನ್ನದ ಮೇಲೆ ಬಗ್ಗಿಸಿ, ತಳವನ್ನು ಬೆರಳಿನಲ್ಲಿ ಗೋರಿದ. ಅಕ್ಕ ಅವನ ದವಡೆಯನ್ನೇ ನೋಡುತ್ತಿದ್ದಳು. ಅವನು ಬಡಿಸುವವನನ್ನು ಕರೆದ.

"ಏ, ಈ ಸಾರು ಇನ್ನೊಂಚೂರು ತಾರಾ."

ಬಡಿಸುವವನು ಬಂದು ಹೋಟೆಲಿನ ಸಾರು ಹಾಕಿದ. ಕಂಡಕ್ಟರು ನೆಕ್ಕಿ ನೋಡಿದ. "ಇದಲ್ಲ ಮಾರಾಯಾ. ಡಬ್ಬಿದು ತಾ."

"ಯಾವ ಡಬ್ಬಿ? ನಮ್ಮಲ್ಲಿ ಡಬ್ಬಿ ಇಲ್ಲ."

"ಇದೆಂತ ಮತ್ತೆ, ಹಂಡೆಯಾ?"

ಸ್ವರ ಏರಿತು. ಯಜಮಾನ ಗಲ್ಲಾ ಬಿಟ್ಟು ಎದ್ದ. ನಾನು ಬಾಗಿಲು ಎಷ್ಟು ದೂರವಿದೆ ಎಂದು ಅಂದಾಜು ಮಾಡಿದೆ. ಅಕ್ಕ ಎದ್ದು ನಿಂತು, "ಅದು ನಂದು. ಮನೆದು" ಎಂದಳು.

"ಅಯ್ಯೋ ದೇವ್ರೇ, ನಾ ನಿಮ್ಮ ಬುತ್ತಿ ಉಂಡ್ನಾ ಅಕ್ಕಾ!" ಕಂಡಕ್ಟರು ಕೈ ಎತ್ತಿಕೊಂಡು ಕೂತ.

"ಉಣ್ಣು ಉಣ್ಣು. ನಿನ್ನೆದು ಅದು."

"ನಿನ್ನೆದಾ?" ಅವನ ಮುಖ ಬೆಳಗಿತು. "ಹಂಗಾದ್ರೆ ಸರಿ! ಹೋಟ್ಲಿನವ್ರಿಗೆ ಈ ಬುದ್ಧಿ ಯಾವಾಗ ಬಂತು ಅಂತ ನೋಡ್ತಾ ಇದ್ದೆ."

ಯಜಮಾನ ಬಂದು ಖಾಲಿ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದ. "ಹೋಟ್ಲಿಗೆ ಸಾರು ತಕಂಡು ಬಂದವ್ರನ್ನ ನಾ ಇವತ್ತೇ ಕಂಡದ್ದು. ಎಂತಕ್ಕೆ ತಂದ್ರಿ?"

"ಹೋಲ್ಸಿ ನೋಡೂಕೆ. ನಾನೂ ಹೋಟ್ಲು ಹಾಕ್ತೆ."

"ಎಲ್ಲಿ?"

"ಹಳದೀಪುರದಲ್ಲಿ. ಬರೂ ತಿಂಗ್ಳು."

ಭಟ್ಕಳದಲ್ಲಿ "ನೋಡ್ವ" ಎಂದು ಕುಗ್ಗಿದ್ದವಳ ಬಾಯಿಂದ ಅದು ಹಾಗೆ ಬಂದುಬಿಟ್ಟಿತು. ಬಂದ ಮೇಲೆ ಅವಳೂ ಒಂದು ಕ್ಷಣ ಗಾಬರಿಯಾಗಿ ನನ್ನನ್ನು ನೋಡಿದಳು.

ಯಜಮಾನನಿಗೆ ಸಿಟ್ಟು ಬಂದಿದ್ದರೂ ನಗುವೇ ಗೆದ್ದಿತು. "ಹಳದೀಪುರ ಆದ್ರೆ ಅಡ್ಡಿಲ್ಲ. ಇಲ್ಲೇ ಎದುರಿಗೆ ಹಾಕ್ಬೇಡಿ. ಸಾರು ನಿಮ್ದೇ ಚಲೋ ಇರ್ಬೋದು. ನನ್ನ ಬಂಗಡೆ ಫ್ರೈ ತಿಂದು ಮಾತಾಡಿ" ಎಂದು ತಾನೇ ಹೋಗಿ ಎರಡು ತಂದಿಟ್ಟ. ಅಕ್ಕ ತಿಂದಳು. ಮುಳ್ಳು ಬಿಡಿಸಿ ಪಕ್ಕಕ್ಕಿಟ್ಟು, ಪ್ರಾಮಾಣಿಕವಾಗಿ ಹೇಳಿದಳು: "ಇದು ನಂಗೆ ಬರೂದಿಲ್ಲ."

"ಆತು. ಫ್ರೈ ಕೇಳಿದವ್ರನ್ನ ಇಲ್ಲಿಗೆ ಕಳ್ಸಿ."

ಬಿಸಿಲು ಇಳಿಯುವ ಮೊದಲೇ ಹಳದೀಪುರದಲ್ಲಿ ಇಳಿದೆವು. ಕೋಣೆಯ ಯಜಮಾನರು ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದರು. ಅಕ್ಕ ಕೂರದೆ, ನಿಂತಲ್ಲಿಂದಲೇ "ಹೌದು" ಎಂದಳು. ನಾನು ನೀರು, ಗ್ಯಾಸು, ಮಳೆಗಾಲ, ಮೀನುಗಾರಿಕೆ ಬಂದ್ ಆಗುವ ದಿನಗಳು ಎಂದು ಒಂದೊಂದಾಗಿ ತೆಗೆಯಹೊರಟೆ. "ನಿನ್ನ ತಮ್ಮ ಹೋಟ್ಲಿನಲ್ಲಿ ಇರೂದಿಲ್ಲ ಅಲ್ವಾ?" ಎಂದು ಅವರು ಖಚಿತಪಡಿಸಿಕೊಂಡರು.

ಮನೆಯಲ್ಲಿ ಭಾವ ಅನ್ನ ಮಾಡಿಟ್ಟು ಕಾಯುತ್ತಿದ್ದರು. ಎಲ್ಲ ಕೇಳಿ, ನಕ್ಕು, ನನ್ನ ಕಡೆ ತಿರುಗಿದರು. "ನೀನು ಹೇಳು ಮಾರಾಯಾ. ನೀನಲ್ವಾ ಜಡ್ಜು. ಹೊನ್ನಾವರದ್ದು ಚಲೋನಾ, ಇವಳದ್ದಾ?"

ಆಗ ಹೊಳೆಯಿತು. ಬಸ್ಸು ಬಂದಿತ್ತು, ಸೀಟು ಸಿಕ್ಕಿತ್ತು, ಮುಳ್ಳು ಸಿಕ್ಕಿರಲಿಲ್ಲ, ಹೊಟ್ಟೆ ಮಾನ ಕಾಪಾಡಿತ್ತು, ಸಮುದ್ರ ತನ್ನ ಪಾಡಿಗೆ ತಾನಿತ್ತು. ಅಕ್ಕನ ಸಾರು ಮಾತ್ರ ನನ್ನ ನಾಲಿಗೆಗೆ ತಾಗಿಯೇ ಇರಲಿಲ್ಲ. ನಾನು ಅವಸರದಲ್ಲಿ ಅಡುಗೆಮನೆಗೆ ಹೋಗಿ ಸಾರು ಮಾಡುವ ಮಣ್ಣಿನ ಗಡಿಗೆಯ ಮುಚ್ಚಳ ತೆಗೆದೆ. ತೊಳೆದು ಬೋರಲು ಹಾಕಿದಷ್ಟು ಸ್ವಚ್ಛ.

"ಇದ್ದದ್ದೆಲ್ಲ ಡಬ್ಬಿಗೇ ಹಾಕಿದ್ದೆ" ಎಂದಳು ಅಕ್ಕ ಹಿಂದಿನಿಂದ.

"ಡಬ್ಬಿಯ ತಳದಲ್ಲಿ?"

"ಅಲ್ಲೇ ನಲ್ಲಿಯಲ್ಲಿ ತೊಳ್ಕಂಡು ಬಂದೆ. ವಾಸನೆ ಹೊಡೀತದೆ ಅಂತ ಬಸ್ಸಲ್ಲಿ ನೀನೇ ಗಲಾಟೆ ಮಾಡ್ತಿಯಲ್ಲ."

ಬರಿಯ ಅನ್ನದ ಮುಂದೆ ಕೂತೆ. ಅಕ್ಕ ಉಪ್ಪಿನಕಾಯಿ ಹಾಕಿದಳು.