ಬ್ಯಾಡಗಿಯಲ್ಲಿ ಕಂಡ ಒಂದು ತಾಟು

೧೯೩೨ರಲ್ಲಿ ಶಾಲೆ ಬಿಟ್ಟು ಹಾವೇರಿಯ ವಕೀಲರೊಬ್ಬರ ಗುಮಾಸ್ತನಾದೆ. ಗಂಡ-ಹೆಂಡಿರ ಜಗಳ ಕೋರ್ಟಿಗೆ ಹೋಗದಂತೆ ರಾಜಿ ಮಾಡಿಸುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ.

ಎರಡನೇ ಸಂಬಂಧಕ್ಕೆ ಕೊಟ್ಟಿದ್ದ, ತವರಿಗೆ ಓಡಿಬಂದಿದ್ದ ಹುಡುಗಿಯೊಬ್ಬಳ ದೂರು ಮಾತ್ರ ವಿಚಿತ್ರವಾಗಿತ್ತು. “ಕಾಕಾ, ಮನ್ಯಾಗ ಉಣ್ಣವ್ರು ಮೂರು ಮಂದಿ. ನಾ ತೊಳಿಯೂದು ನಾಕು ಎಂಜಲ ತಾಟು.”

“ನಿನಗ ಎಣಿಸಾಕ ಬರೂದಿಲ್ಲೇನವಾ?” ಎಂದು ನಕ್ಕು, ರಾಜಿಪತ್ರ ಬರೆದಿಟ್ಟುಕೊಂಡು ಅವಳನ್ನು ಬ್ಯಾಡಗಿಗೆ ಗಂಡನ ಮನೆಗೆ ಕರೆದೊಯ್ದೆ.

ಮಧ್ಯಾಹ್ನ ಅವಳ ಅತ್ತೆ ನನಗೂ ಮಗನಿಗೂ ಬಡಿಸಿದಳು. ಪಕ್ಕದಲ್ಲಿ ಇನ್ನೊಂದು ತಾಟು ಇಟ್ಟು ರೊಟ್ಟಿ, ಪಲ್ಯ ಹಾಕಿದಳು. ತೀರಿಹೋದ ಮೊದಲ ಸೊಸೆಯ ಹೆಸರು ಹಿಡಿದು, “ಉಣ್ಣವಾ, ನಿನ್ನ ತಂಗಿ ಹೊಳ್ಳಿ ಬಂದಾಳ” ಎಂದಳು. ಮಗ ಮೊಣಕಾಲು ಸರಿಸಿ ಜಾಗ ಬಿಟ್ಟ.

ಆ ತಾಟನ್ನು ಯಾರೂ ಮುಟ್ಟಲಿಲ್ಲ. ಊಟ ಮುಗಿಸಿ ಕೈತೊಳೆಯಲು ಹಿತ್ತಲಿಗೆ ಹೋದೆವು. ಅತ್ತೆ ನೀರು ಹಾಕಿದಳು, ಹುಡುಗಿ ಪಕ್ಕದಲ್ಲೇ ನಿಂತಿದ್ದಳು. ಒಳಗೆ ಬಂದಾಗ ಆ ತಾಟಿನಲ್ಲಿ ರೊಟ್ಟಿ ಇರಲಿಲ್ಲ. ಅಂಚಿನಲ್ಲಿ ಬೆರಳು ಒರೆಸಿದ ಗುರುತು ಇನ್ನೂ ಹಸಿಯಾಗಿತ್ತು.

“ಈಗ ನೀವು ಎಣಿಸ್ರಿ, ಕಾಕಾ” ಎಂದಳು ಹುಡುಗಿ.

ಅವಳ ಬಟ್ಟೆಯ ಗಂಟನ್ನು ನಾನೇ ಎತ್ತಿಕೊಂಡು ಅವಳನ್ನು ತವರಿಗೆ ಕರೆತಂದೆ.

ಈಗ ನನ್ನ ಟ್ರಂಕಿನಲ್ಲಿ ನೂರಾ ನಲವತ್ತು ರಾಜಿಪತ್ರಗಳಿವೆ. ಸಹಿ ಇಲ್ಲದ್ದು ಬ್ಯಾಡಗಿಯದೊಂದೇ.